ಕೇಕು ತಿನ್ನಿಸಿದರೆ ಸಾಕ್ಷಿಯಾಯಿತೇ?

ಬ್ಯಾಂಕಿನಲ್ಲಿ ನನ್ನ ಕೊನೆಯ ದಿನ. ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಬಂದು ಎಂಟು ತಿಂಗಳಷ್ಟೇ ಆಗಿದ್ದ ಮ್ಯಾನೇಜರು ನನ್ನ ಮೂವತ್ತಾರು ವರ್ಷದ ಪ್ರಾಮಾಣಿಕತೆಯ ಬಗ್ಗೆ ಐದು ನಿಮಿಷ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಮಿರ್ಚಿ, ಫೇಡೆ, ಚಹಾ ಮುಗಿದ ಮೇಲೆ ಗಡಿಯಾರದ ಡಬ್ಬಿ ಹೊತ್ತುಕೊಂಡು ಸ್ಕೂಟರಿನ ತನಕ ಬಂದವನು ನಮ್ಮ ಕ್ಯಾಷಿಯರ್. ಒಂದೇ ಊರಿನ ಎರಡು ಶಾಖೆಗಳಲ್ಲಿ ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಕೂತು ನೋಟು ಎಣಿಸಿದವರು ನಾವು. ಡಬ್ಬಿಯನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು, ಗಂಟು ಎಳೆದು ನೋಡಿ, ನಗುತ್ತ ಅಂದ:

"ಇಪ್ಪತ್ತೆರಡು ವರ್ಷ ಕೇಕ್ ತಿನಿಸೀರಿ ಸರ. ಯಾಕ ತಿನಸಾಕತ್ತೀನಿ ಅಂತ ಒಮ್ಮೆರ ಹೇಳೀರೇನು?"

ನಾನೂ ನಕ್ಕೆ. ಹುಬ್ಬಳ್ಳಿ ದಾಟಿ ನವನಗರದ ಹತ್ತಿರ ಬರುವಷ್ಟರಲ್ಲಿ ನಗು ಇಳಿದಿತ್ತು.

ಯಾಕೆಂದರೆ ಅವನು ನನಗೆ ಏನೇನು ಹೇಳಿದ್ದ ಅನ್ನುವುದು ಒಂದೊಂದಾಗಿ ನೆನಪಾಗತೊಡಗಿತು. ಅವನ ಅಪ್ಪ ಉಳವಿ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಹೋಗುತ್ತಿದ್ದದ್ದು, ಮಗಳಿಗೆ ಕಾಮಾಲೆ ಬಂದಾಗ ಸಿದ್ಧಾರೂಢ ಅಜ್ಜನ ಮಠದಲ್ಲಿ ಕೂತು ಅತ್ತದ್ದು, ಅತ್ತ ಮೇಲೆ ಎದೆ ಹಗುರಾದದ್ದು, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದಾಗ ಒಳಗೆ ಏನಾಗುತ್ತದೆ ಅನ್ನುವುದು. ಎಲ್ಲವನ್ನೂ ಚಹಾದ ಹೊತ್ತಿನಲ್ಲಿ, ಶೇಂಗಾ ಬೆಲೆ ಮಾತಾಡಿದಷ್ಟೇ ಸಲೀಸಾಗಿ ಹೇಳಿದ್ದ. ನನ್ನನ್ನು ಮತಾಂತರ ಮಾಡಲು ಹೇಳಿದ್ದೇ? ಅಂಥ ಯೋಚನೆಯೇ ಅವನಿಗೆ ಬಂದಿರಲಿಕ್ಕಿಲ್ಲ. ಬದುಕಿನಲ್ಲಿ ದೊಡ್ಡದಾಗಿ ಕಂಡದ್ದನ್ನು ಪಕ್ಕದವನಿಗೆ ಹೇಳದೆ ಇರುವುದು ಹೇಗೆ ಅಂತ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ನನಗೆ ಗೊತ್ತಿತ್ತು. ನಾನು ಕ್ರಿಸ್‌ಮಸ್ಸಿಗೆ ಕೇಕು ಕೊಟ್ಟೆ, ಕರ್ಚಿಕಾಯಿ ಕೊಟ್ಟೆ, ಬಾಯಿ ಮುಚ್ಚಿಕೊಂಡಿದ್ದೆ.

ನಮ್ಮ ಕ್ರೈಸ್ತ ಸಭೆಗಳಲ್ಲಿ ಈ ಬಾಯಿ ಮುಚ್ಚಿಕೊಳ್ಳುವಿಕೆಗೆ ಒಂದು ಚೆಂದದ ಹೆಸರಿದೆ: "ನಮ್ಮ ಬದುಕೇ ಸುವಾರ್ತೆ." ಪ್ರಸಂಗದಲ್ಲಿ ಬರುತ್ತದೆ, ಮದುವೆಯ ಆಶೀರ್ವಚನದಲ್ಲಿ ಬರುತ್ತದೆ, ಸ್ತ್ರೀಯರ ಕೂಟದಲ್ಲಿ ಬರುತ್ತದೆ. ಮಾತಿನಿಂದಲ್ಲ, ನಡತೆಯಿಂದ ಸಾರೋಣ ಎಂದೊಡನೆ ಎಲ್ಲರೂ ತಲೆದೂಗುತ್ತಾರೆ. ಸಭೆಯ ಹೊರಗೆ ಓದಿಕೊಂಡ ಗೆಳೆಯರು ಇದೇ ರಾಗವನ್ನು ಬೇರೆ ತಾಳದಲ್ಲಿ ಹಾಡುತ್ತಾರೆ: ದೇವರು ಖಾಸಗಿ ವಿಷಯ, ಮನೆಯೊಳಗೆ ಇರಲಿ, ಬೀದಿಗೆ ಬೇಡ. ಒಳಗಿನವರೂ ಹೊರಗಿನವರೂ ಹೀಗೆ ಒಂದಾಗುವುದು ಅಪರೂಪ. ಆ ಒಗ್ಗಟ್ಟನ್ನು ಕಂಡೇ ನನಗೆ ಅನುಮಾನ ಶುರುವಾದದ್ದು.

ಮೊದಲು ಮನೆಯವರ ಮಾತನ್ನೇ ತೆಗೆದುಕೊಳ್ಳುತ್ತೇನೆ.

ಸುವಾರ್ತೆ ಅನ್ನುವ ಪದದಲ್ಲೇ ವಾರ್ತೆ ಇದೆ. ವಾರ್ತೆ ಅಂದರೆ ಎಲ್ಲೋ ನಡೆದದ್ದು, ಕೇಳುವವನಿಗೆ ಇನ್ನೂ ಗೊತ್ತಿಲ್ಲದ್ದು, ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ ತಲುಪುವಂಥದ್ದು. ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರದ ಹೊತ್ತಾಗಿದೆ, ಓದುವವರು ಮೈಕಿನ ಮುಂದೆ ಬಂದು ಕೂತಿದ್ದಾರೆ, ಆದರೆ ಓದುವುದಿಲ್ಲ ಅಂದುಕೊಳ್ಳಿ. "ನಾನು ಸಭ್ಯಸ್ಥ, ಲಂಚ ಮುಟ್ಟಿದವನಲ್ಲ. ನನ್ನ ನಡತೆ ನೋಡಿ ಮಳೆ ಎಲ್ಲಿ ಬಿತ್ತು, ಅಣೆಕಟ್ಟಿಗೆ ನೀರು ಎಷ್ಟು ಬಂತು ಅಂತ ತಿಳಿದುಕೊಳ್ಳಿ" ಅಂತ ಹತ್ತು ನಿಮಿಷ ಸುಮ್ಮನಿದ್ದು ಎದ್ದು ಹೋದರೆ? ನಾವು ಮಾಡುತ್ತಿರುವುದು ಇದನ್ನೇ. ನಾನು ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟದ್ದನ್ನು ನೋಡಿ ಗಿರಾಕಿ ಏನು ತಿಳಿದಾನು? ಈ ಮನುಷ್ಯ ಒಳ್ಳೆಯವನು ಅಂತ. ಎರಡು ಸಾವಿರ ವರ್ಷದ ಹಿಂದೆ ಯೆರೂಸಲೇಮಿನ ಹೊರಗೆ ಒಬ್ಬನನ್ನು ಶಿಲುಬೆಗೆ ಹಾಕಿದರು, ಮೂರನೆಯ ದಿನ ಸಮಾಧಿ ಬರಿದಾಗಿತ್ತು ಅನ್ನುವುದನ್ನು ನನ್ನ ಚಿಲ್ಲರೆಯಿಂದ ಊಹಿಸಲು ಸಾಧ್ಯವೇ?

ಇನ್ನೂ ಒಂದು ಮಾತಿದೆ, ಅದು ನನ್ನನ್ನು ಬಹಳ ಕಾಡಿದ್ದು. "ನನ್ನ ಬದುಕೇ ಸುವಾರ್ತೆ" ಅನ್ನುವುದನ್ನು ನಾವು ವಿನಯ ಅಂದುಕೊಂಡಿದ್ದೇವೆ. ನಿಧಾನವಾಗಿ ಓದಿ ನೋಡಿ. ದೇವರ ಸಂದೇಶವನ್ನು ಹೊರುವಷ್ಟು ಚೊಕ್ಕವಾಗಿದೆಯಂತೆ ನನ್ನ ಬದುಕು! ಮನೆಯಲ್ಲಿ ಹೆಂಡತಿಯನ್ನು ಕೇಳಿದರೆ ಅವಳು ನಗುತ್ತಾಳೆ. ಬಾಯಿಬಿಟ್ಟು ಹೇಳುವವನು ಕನಿಷ್ಠ ಬೆರಳನ್ನು ತನ್ನಿಂದಾಚೆಗೆ ತೋರಿಸುತ್ತಾನೆ. ಹೇಳದವನು ತನ್ನ ಕಡೆಗೇ ತೋರಿಸಿಕೊಂಡು ನಿಂತಿರುತ್ತಾನೆ. ಮ್ಯಾನೇಜರು ಐದು ನಿಮಿಷ ಹೊಗಳಿದಾಗ ನಡೆದದ್ದು ಇದೇ: ಪ್ರಾಮಾಣಿಕತೆಯ ಜಮಾ ಪೂರ್ತಿ ನನ್ನ ಖಾತೆಗೇ ಬಿತ್ತು. ಅದು ಅಲ್ಲಿ ಬೀಳಬೇಕಾದದ್ದಲ್ಲ ಅಂತ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಇಷ್ಟು ಹೇಳಿದರೆ ಸಂತ ಫ್ರಾನ್ಸಿಸರನ್ನು ಕರೆತರುತ್ತಾರೆ. ಸದಾ ಸುವಾರ್ತೆ ಸಾರು, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸು ಎಂಬರ್ಥದ ಹೇಳಿಕೆಯೊಂದು ಅವರ ಹೆಸರಿನಲ್ಲಿ ಕ್ಯಾಲೆಂಡರುಗಳ ಮೇಲೆಲ್ಲ ಓಡಾಡುತ್ತಿದೆ. ಅವರ ಬರಹಗಳಲ್ಲಿ ಆ ಮಾತೇ ಇಲ್ಲ. ಇರುವುದು ಬೇರೆ. 1221ರಲ್ಲಿ ತಮ್ಮ ಸಹೋದರರಿಗೆ ಬರೆದ ನಿಯಮದಲ್ಲಿ ಎಲ್ಲರೂ ನಡತೆಯಿಂದಲೂ ಸಾರಲಿ ಅಂದರು, ನಿಜ. ಆದರೆ ಅದಕ್ಕೆ ಹಿಂದಿನ ಅಧ್ಯಾಯದಲ್ಲೇ, ಮುಸಲ್ಮಾನರ ನಡುವೆ ಹೋಗುವವರಿಗೆ ಎರಡು ದಾರಿ ಹೇಳಿದ್ದಾರೆ. ಒಂದು, ಜಗಳ ವಾದ ಏನೂ ಮಾಡದೆ ಎಲ್ಲರಿಗೂ ತಗ್ಗಿ ಬಾಳಿ, ತಾವು ಕ್ರೈಸ್ತರೆಂದು ಒಪ್ಪಿಕೊಳ್ಳುವುದು. ಇನ್ನೊಂದು, ದೇವರಿಗೆ ಇಷ್ಟವೆಂದು ಕಂಡಾಗ ವಾಕ್ಯವನ್ನು ಸಾರುವುದು. ಮೊದಲನೆಯದು ಮೌನದ ದಾರಿ ಅಂತ ಯಾರಿಗಾದರೂ ಅನ್ನಿಸಿದರೆ ಇನ್ನೊಮ್ಮೆ ನೋಡಲಿ: ಅದರಲ್ಲೂ ತಾನು ಯಾರು ಅಂತ ಹೇಳಿಕೊಳ್ಳುವುದು ಇದೆ. ಇವರು ಬರೀ ಬರೆದವರೂ ಅಲ್ಲ. 1219ರಲ್ಲಿ, ಐದನೆಯ ಧರ್ಮಯುದ್ಧ ನಡೆಯುತ್ತಿದ್ದಾಗ, ಈಜಿಪ್ಟಿನ ದಮಿಯತ್ತದ ಹತ್ತಿರ ಕತ್ತಿಗಳ ಸಾಲು ದಾಟಿ, ಬರಿಗೈಯಲ್ಲಿ ಸುಲ್ತಾನ ಅಲ್ ಕಾಮಿಲ್‌ನ ಡೇರೆಗೆ ಹೋದರು. ತಮ್ಮ ನಂಬಿಕೆ ಹೇಳಿದರು. ಸುಲ್ತಾನ ಕೇಳಿಸಿಕೊಂಡ, ಒಪ್ಪಲಿಲ್ಲ, ಮರ್ಯಾದೆಯಿಂದ ಕಳಿಸಿಕೊಟ್ಟ. ತನ್ನ ಕಡೆಯ ಸೈನ್ಯ ಕತ್ತಿ ಹಿಡಿದು ಹೋಗಿದ್ದ ಜಾಗಕ್ಕೆ ಈ ಬಡಕಲು ಮನುಷ್ಯ ಮಾತು ಹಿಡಿದು ಹೋದ. ಕ್ಯಾಲೆಂಡರಿನ ಫ್ರಾನ್ಸಿಸರಿಗಿಂತ ಈ ಫ್ರಾನ್ಸಿಸರು ನನಗೆ ಇಷ್ಟ.

ಆಮೇಲೆ ಗಾಂಧೀಜಿ. ಗುಲಾಬಿ ತನ್ನ ಪರಿಮಳದ ಬಗ್ಗೆ ಉಪದೇಶ ಮಾಡುವುದಿಲ್ಲ, ನೀವೂ ಹಾಗೆ ಇರಿ ಅಂತ ಅವರು ಮಿಷನರಿಗಳಿಗೆ ಬುದ್ಧಿ ಹೇಳಿದ್ದರು. ಉಪಮೆ ಚೆನ್ನಾಗಿದೆ, ಮಹಾತ್ಮರ ಮೇಲೆ ನನಗೆ ಭಕ್ತಿಯೂ ಇದೆ. ಆದರೆ ಹೇಳಿದವರು ಯಾರು? 'ಯಂಗ್ ಇಂಡಿಯಾ' ನಡೆಸಿದವರು, 'ಹರಿಜನ' ಪತ್ರಿಕೆ ಹುಟ್ಟುಹಾಕಿದವರು, ದಿನಾ ಸಂಜೆ ಸಾವಿರಾರು ಜನರ ಮುಂದೆ ಪ್ರಾರ್ಥನಾ ಸಭೆ ಕೂಡಿಸಿ ಮಾತಾಡಿದವರು. ಅವರ ಬರಹ, ಭಾಷಣ, ಪತ್ರಗಳೆಲ್ಲ ಸೇರಿ ಇಂಗ್ಲಿಷಿನಲ್ಲಿ ನೂರು ಸಂಪುಟವಾಗಿದೆ. ಅಹಿಂಸೆ ನನ್ನ ಮಟ್ಟಿಗೆ ಖಾಸಗಿ, ನನ್ನನ್ನು ನೋಡಿ ಕಲಿಯಿರಿ ಅಂತ ಸಾಬರಮತಿಯಲ್ಲಿ ನೂಲುತ್ತ ಕೂತಿದ್ದರೆ ಉಪ್ಪಿನ ಸತ್ಯಾಗ್ರಹ ಎಲ್ಲಿಂದ ಬರುತ್ತಿತ್ತು? ನೂರು ಸಂಪುಟ ಮಾತಾಡಿದ ಗುಲಾಬಿಯನ್ನು ನಾನಂತೂ ಒಪ್ಪುತ್ತೇನೆ.

ಇನ್ನು ಹೊರಗಿನ ಗೆಳೆಯರ ಮಾತು. ದೇವರು ಖಾಸಗಿ ಅನ್ನುವುದು ನಮ್ಮ ಸಂಸ್ಕೃತಿಯಂತೆ, ಬಾಯಿಬಿಟ್ಟು ಸಾರುವುದು ಪರದೇಶದ ಚಾಳಿಯಂತೆ. ತಲೆಕೆಳಗು. ಧರ್ಮವನ್ನು ಮನೆಯೊಳಗೆ ಇಟ್ಟು ಚಿಲಕ ಹಾಕುವ ಯೋಚನೆ ಯುರೋಪಿನವರದು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಧರ್ಮದ ಹೆಸರಿನಲ್ಲಿ ತಮ್ಮತಮ್ಮಲ್ಲೇ ಕಡಿದಾಡಿ ಸುಸ್ತಾದ ಮೇಲೆ ಅವರು ಕಂಡುಕೊಂಡ ಉಪಾಯ ಅದು. ಅವರಿಗೆ ಬೇಕಿತ್ತೋ ಏನೋ. ಕನ್ನಡ ನಾಡಿನಲ್ಲಿ ಯಾವ ನಂಬಿಕೆ ಯಾವತ್ತು ಮನೆಯೊಳಗೆ ಕೂತಿತ್ತು? ಹರಿದಾಸರು ತಂಬೂರಿ ಹಿಡಿದು ಬೀದಿಯಲ್ಲೇ ನಡೆದರು. ಶಿಶುನಾಳದ ಶರೀಫರು ಗೋವಿಂದಭಟ್ಟರ ಕಾಲು ಹಿಡಿದು ಊರೂರು ಹಾಡಿದರು. ಬಸವಣ್ಣನವರು ತಮ್ಮ ಅನುಭಾವವನ್ನು ಖಾಸಗಿಯಾಗಿ ಇಟ್ಟುಕೊಂಡಿದ್ದರೆ ಕಲ್ಯಾಣದಲ್ಲಿ ಗದ್ದಲವೇ ಆಗುತ್ತಿರಲಿಲ್ಲ, ನಮಗೆ ವಚನಗಳೂ ಸಿಗುತ್ತಿರಲಿಲ್ಲ. ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. ಆಟೋ ಹಿಂದಿನ ರಾಯರ ಚಿತ್ರ, ಮಾಲೆ ಹಾಕಿ ಬರಿಗಾಲಲ್ಲಿ ಆಫೀಸಿಗೆ ಬರುವ ಅಯ್ಯಪ್ಪ ಭಕ್ತ, ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡು ನಿಂತ ನಮ್ಮ ಬ್ಯಾಂಕಿನ ತಿಜೋರಿ, ತಿರುಪತಿಯಿಂದ ಬಂದವರು ಮೇಜು ಮೇಜಿಗೆ ಹಂಚುವ ಲಾಡು. ಮಕ್ಕಳಾಗದ ಹೆಣ್ಣುಮಗಳಿಗೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಅಜ್ಜಿ, "ಯಲ್ಲಮ್ಮಗ ಹರಕೀ ಹೊತ್ಕೋವಾ, ನನ್ನ ಸೊಸಿಗೆ ಹಂಗs ಆಗಿತ್ತು" ಅನ್ನುತ್ತಾಳೆ. ನಮ್ಮ ಭಾಷೆಯಲ್ಲಿ ಅದಕ್ಕೆ ಸಾಕ್ಷಿ ಅನ್ನುತ್ತೇವೆ. ಆ ಅಜ್ಜಿ ಎಷ್ಟು ಸಲೀಸಾಗಿ ಸಾಕ್ಷಿ ಹೇಳಿದಳು! ಯಾರಿಗೂ ಅದು ಅಸಭ್ಯ ಅನ್ನಿಸಲಿಲ್ಲ. ಅದೇ ಸೀಟಿನಲ್ಲಿ ಕ್ರೈಸ್ತಳೊಬ್ಬಳು ಕೂತು, "ನನಗೆ ಕಷ್ಟ ಬಂದಾಗ ಯೇಸುಸ್ವಾಮಿಯನ್ನು ಕೇಳಿಕೊಂಡೆ, ಬೇಕಾದರೆ ನಿನಗಾಗಿಯೂ ಕೇಳಿಕೊಳ್ಳಲೇನವ್ವಾ" ಅಂದರೆ ಮಾತ್ರ ಬಸ್ಸಿನಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತದೆ.

ಯಾಕೆ ನೆಟ್ಟಗಾಗುತ್ತದೆ ಅನ್ನುವುದಕ್ಕೆ ಕಾರಣಗಳಿವೆ. ಎಲ್ಲವೂ ಸುಳ್ಳಲ್ಲ. ಲೌಡ್‌ಸ್ಪೀಕರ್ ಹಚ್ಚಿ ಇಡೀ ಓಣಿಯನ್ನು ನರಕಕ್ಕೆ ಕಳಿಸುವವರು ನಮ್ಮಲ್ಲಿದ್ದಾರೆ. ವೇದಿಕೆಯ ಮೇಲೆ ಸಕ್ಕರೆ ಕಾಯಿಲೆಯನ್ನು ಓಡಿಸುವವರಿದ್ದಾರೆ. ಪಕ್ಕದವರ ದೇವರನ್ನು ಹಳಿಯದೆ ತಮ್ಮ ದೇವರನ್ನು ಹೊಗಳಲು ಬಾರದವರೂ ಇದ್ದಾರೆ, ಹತ್ತೊಂಬತ್ತನೆಯ ಶತಮಾನದ ಮಿಷನ್ ಕರಪತ್ರಗಳಲ್ಲೂ ಈ ರೋಗ ಇತ್ತು. ಅವರ ವಕಾಲತ್ತು ನನ್ನದಲ್ಲ. ಅವರದು ಧೈರ್ಯವೂ ಅಲ್ಲ. ಲೌಡ್‌ಸ್ಪೀಕರಿಗೆ ಯಾರೂ ತಿರುಗಿ ಪ್ರಶ್ನೆ ಕೇಳಲಾರರು, ಅದೇ ಅದರ ಅನುಕೂಲ. ಒಂದು ರೀತಿಯಲ್ಲಿ ಅವರೂ ನನ್ನ ಹಾಗೆಯೇ. ನಾನು ಮಾತಾಡದೆ ಪ್ರಶ್ನೆ ತಪ್ಪಿಸಿಕೊಂಡೆ, ಅವರು ಕಿರುಚಿ ತಪ್ಪಿಸಿಕೊಂಡರು.

ಆದರೆ ಅವರನ್ನು ತೋರಿಸಿ ಬಾಯಿ ಮುಚ್ಚಿಸುವವರು ಒಂದು ಲೆಕ್ಕ ಮರೆಯುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೂರೇ ವರ್ಷದಲ್ಲಿ ಘಟ್ಟ ಹತ್ತಿ ನಮ್ಮ ಧಾರವಾಡಕ್ಕೆ ಬಂದರು. ಅವರು ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಹಂಚು ಸುಡಲಿಕ್ಕೂ ಅಲ್ಲ, ಸುವಾರ್ತೆ ಹೇಳಲಿಕ್ಕೆ. ಹೇಳಬೇಕೆಂದರೆ ಸಂತೆಗೆ, ಜಾತ್ರೆಗೆ ಹೋಗಬೇಕು. ಅಲ್ಲಿ ನಿಂತರೆ ಜನ ತಿರುಗಿ ಮಾತಾಡುತ್ತಾರೆ. ತಿರುಗಿ ಮಾತಾಡಿದ್ದು ತಿಳಿಯಬೇಕೆಂದರೆ ಅವರ ಗಾದೆ ಗೊತ್ತಿರಬೇಕು, ಪುರಾಣ ಗೊತ್ತಿರಬೇಕು, ಬೈಗುಳವೂ ಗೊತ್ತಿರಬೇಕು. ಅವರಲ್ಲೊಬ್ಬರಾದ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. ಅದು ಹೊರಬಂದ ಜುಲೈ 1ನ್ನು ಇವತ್ತು ನಮ್ಮ ಪತ್ರಕರ್ತರು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಅಚ್ಚು ಹಾಕಿಸಿದವರೂ ಅವರೇ, ಬಸವಪುರಾಣ ಅಚ್ಚು ಹಾಕಿಸಿದವರೂ ಅವರೇ. ಕಿಟೆಲ್ ಯೇಸುವಿನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಹೇಳಲು ಹೊರಟು 'ಕಥಾಮಾಲೆ' ಬರೆದರು. ಕೊನೆಗೆ 1894ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ನಿಘಂಟು ಹೊರಬಂತು. ಇವರೆಲ್ಲ "ನಮ್ಮ ಬದುಕೇ ಸುವಾರ್ತೆ" ಅಂತ ಬಂಗಲೆಯ ಜಗಲಿಯಲ್ಲಿ ಕೂತಿದ್ದರೆ ಕನ್ನಡ ಕಲಿಯುವ ಜರೂರೇ ಬೀಳುತ್ತಿರಲಿಲ್ಲ. ನಿಘಂಟಿಗೆ ಹಾರ, ನಿಘಂಟು ಬರೆಸಿದ ಹಂಬಲಕ್ಕೆ ಮುಜುಗರ. ಕಿಟೆಲ್ ಜಯಂತಿಯ ಭಾಷಣಗಳಲ್ಲಿ ಅವರು ಯಾಕೆ ಬಂದರು ಅನ್ನುವ ಸಾಲನ್ನು ನುಂಗುವವರಲ್ಲಿ ಕ್ರೈಸ್ತ ಭಾಷಣಕಾರರೇ ಮೊದಲಿಗರು.

ಈಗ ಕಾನೂನಿಗೆ ಬರುತ್ತೇನೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಅದು ಅಲ್ಲಿ ಅಕಸ್ಮಾತ್ತಾಗಿ ಬಿದ್ದ ಶಬ್ದವಲ್ಲ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಅದರ ಮೇಲೆ ಬಿಸಿ ಚರ್ಚೆಯಾಯಿತು. ಲೋಕನಾಥ ಮಿಶ್ರ ಬಲವಾಗಿ ವಿರೋಧಿಸಿದರು. ಉಳಿಸಿಕೊಳ್ಳಬೇಕೆಂದು ವಾದಿಸಿದವರಲ್ಲಿ ಕೆ.ಎಂ. ಮುನ್ಷಿ ಇದ್ದರು, ಟಿ.ಟಿ. ಕೃಷ್ಣಮಾಚಾರಿ ಇದ್ದರು. ಇಬ್ಬರೂ ಕ್ರೈಸ್ತರಲ್ಲ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಇದರಲ್ಲಿ ಇಲ್ಲ ಅಂದಿತು. ನಮ್ಮವರು ಆ ತೀರ್ಪನ್ನು ನೆನೆದು ನಡುಗುತ್ತಾರೆ. ಆದರೆ ಅದೇ ತೀರ್ಪು, ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವುದು ಹಕ್ಕೇ ಅಂತಲೂ ಹೇಳಿದೆ. ನನಗೆ ಬೇಕಾದದ್ದು ಅಷ್ಟೇ. ಒಬ್ಬನ ಮನಸ್ಸು ತಿರುಗಿಸುವ ಹಕ್ಕು ಕೋರ್ಟು ಕೊಟ್ಟರೂ ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಅದು.

ಕರ್ನಾಟಕದ 2022ರ ಕಾಯ್ದೆ ಬೇರೆ ಜಾತಿಯದು. ಮತಾಂತರ ಆಗುವವರು ಮೂವತ್ತು ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅದನ್ನು ಕಚೇರಿಯ ಫಲಕದ ಮೇಲೆ ಹಚ್ಚಿ ಯಾರದಾದರೂ ಆಕ್ಷೇಪಣೆ ಇದೆಯೇ ಅಂತ ಕೇಳುತ್ತಾರೆ. ಮದುವೆ ನೋಂದಣಿಯ ನೋಟಿಸಿನ ಹಾಗೆ, ಆದರೆ ಇಲ್ಲಿ ವಧು ಒಬ್ಬಳೇ. ನನ್ನನ್ನು ಹೆಚ್ಚು ಕೆರಳಿಸಿದ್ದು ಶಿಕ್ಷೆಯ ಭಾಗ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆದರೆ ಮತಾಂತರವಾದವರು ಅಪ್ರಾಪ್ತರೋ, ಬುದ್ಧಿ ಸ್ವಾಧೀನದಲ್ಲಿಲ್ಲದವರೋ, ಮಹಿಳೆಯೋ, ಪರಿಶಿಷ್ಟ ಜಾತಿ, ಪಂಗಡದವರೋ ಆಗಿದ್ದರೆ ಹತ್ತು ವರ್ಷದ ತನಕ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಹೆಣ್ಣುಮಗಳನ್ನೂ ದಲಿತನನ್ನೂ ಎಳೆಮಕ್ಕಳ, ಬುದ್ಧಿ ಕದಡಿದವರ ಸಾಲಿನಲ್ಲಿ ಕೂರಿಸಿದ್ದಾರೆ. ಕೇಳಿ, ತೂಗಿ, ಹೌದು ಅಥವಾ ಇಲ್ಲ ಅನ್ನುವ ಶಕ್ತಿ ಇವರಿಗೆ ಇಲ್ಲವಂತೆ. ಅಂಬೇಡ್ಕರ್ ಇಪ್ಪತ್ತು ವರ್ಷ ಎಲ್ಲ ಧರ್ಮಗಳನ್ನೂ ತೂಗಿ ನೋಡಿ 1956ರಲ್ಲಿ ನಾಗಪುರದಲ್ಲಿ ಬೌದ್ಧರಾದದ್ದನ್ನು ಈ ಪಟ್ಟಿ ಬರೆದವರು ಯಾವ ಕಲಮಿನಡಿ ಹಾಕುತ್ತಿದ್ದರೋ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ಆ ಪಟ್ಟಿಯ ಹಿಂದಿನ ಮನಸ್ಸು ಸಂಪುಟದ ತೀರ್ಮಾನಕ್ಕೆ ಹೋಗುವಂಥದ್ದಲ್ಲ.

ಅದೇ ಕಾಯ್ದೆಯಲ್ಲಿ ಆಮಿಷ ಅನ್ನುವುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಉಡುಗೊರೆಯೂ ಸೇರಿದೆ. ಅಂದರೆ ಕೇಕು ಕೊಟ್ಟು ಸುಮ್ಮನಿದ್ದರೆ ಸೌಹಾರ್ದ, ಕೇಕು ಕೊಟ್ಟು ಬಾಯಿ ತೆರೆದರೆ ಆಮಿಷ!

ನಗೆಯಾಡಿದೆನಾದರೂ ನನ್ನ ದೂರು ಕಾನೂನಿನ ಮೇಲಿಗಿಂತ ನಮ್ಮ ಮೇಲೇ ಹೆಚ್ಚು. ಆ ಪಟ್ಟಿ ಬರೆದವರು ಎದುರಿನವನನ್ನು ಹೇಗೆ ಕಂಡರೋ, ಇಪ್ಪತ್ತೆರಡು ವರ್ಷ ನಾನೂ ನನ್ನ ಗೆಳೆಯನನ್ನು ಹಾಗೆಯೇ ಕಂಡೆ. ಹೇಳಿದರೆ ಅವನಿಗೆ ನೋವಾಗುತ್ತದೆ, ಗೆಳೆತನ ಕೆಡುತ್ತದೆ ಅಂದುಕೊಂಡೆ. ಕೇಳಿಸಿಕೊಂಡು, "ನನಗ ಬ್ಯಾಡ್ರೀ ಸರ" ಅಂದು ಚಹಾ ಮುಂದುವರಿಸುವ ಗಟ್ಟಿತನ ಅವನಿಗಿದೆ ಅಂತ ನನಗೆ ಹೊಳೆಯಲೇ ಇಲ್ಲ. ಅವನು ಉಳವಿಯ ಕಥೆ ಹೇಳಿದಾಗ ನಾನೇನು ಕರಗಿ ಹೋದೆನೇ? ಅವನು ನನ್ನನ್ನು ಬೆಳೆದ ಮನುಷ್ಯ ಅಂತ ನಂಬಿ ಹೇಳಿದ. ನಾನು ಅವನನ್ನು ಕೂಸು ಅಂತ ತಿಳಿದು ಹೇಳಲಿಲ್ಲ. ಮರ್ಯಾದೆ ಕೊಟ್ಟವರು ಯಾರು?

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ಇಲ್ಲ ಅನ್ನಲಾಗದ ಜಾಗದಲ್ಲಿ ಇರುವವನಿಗೆ ಹೇಳುವುದು ಹೇಳುವುದಲ್ಲ, ಒತ್ತಾಯ. ಸಾಲಕ್ಕೆ ಅರ್ಜಿ ಹಿಡಿದು ನನ್ನ ಮೇಜಿನ ಎದುರು ನಿಂತ ರೈತನಿಗೆ ನಾನು ಯೇಸುವಿನ ಮಾತೆತ್ತಿದರೆ ಅವನು ಹೌದು ಹೌದು ಅನ್ನಲೇಬೇಕು. ಹಾಸಿಗೆಯ ಮೇಲಿನ ರೋಗಿಗೆ ಡಾಕ್ಟರು, ಅಂಕ ಬೇಕಾದ ಹುಡುಗನಿಗೆ ಮೇಷ್ಟ್ರು, ಕೂಲಿಗೆ ಬಂದವಳಿಗೆ ಮನೆಯೊಡತಿ, ಇವರೆಲ್ಲ ಬಾಯಿ ಬಿಗಿ ಹಿಡಿಯಲಿ. ನಮ್ಮ ಹಿಂದಿನವರು ಇದನ್ನು ಪಾಲಿಸದೆ ಕೆಟ್ಟ ಹೆಸರು ತಂದುಕೊಂಡದ್ದಿದೆ. ಆದರೆ ಸರಿಸಮ ಕೂತ ಗೆಳೆಯ, ಪಕ್ಕದ ಮನೆಯವರು, ವಾಕಿಂಗ್ ಜೊತೆಗಾರ, ರೈಲಿನಲ್ಲಿ ಬುತ್ತಿ ಹಂಚಿಕೊಂಡವರು? ಅವರು ನನ್ನನ್ನು ಬೈದು ಎದ್ದುಹೋಗಬಲ್ಲರು. ಅವರಿಗೇ ಅಲ್ಲವೇ ಹೇಳಬೇಕಾದದ್ದು. ನಾವು ಮಾತ್ರ ಉಲ್ಟಾ ಮಾಡಿಕೊಂಡು ಬಂದೆವು: ಬಡವರ ಕೇರಿಗೆ ಹೋಗಿ ಮಾತಾಡಿದೆವು, ಸರಿಸಮರ ಮುಂದೆ ಮೌನವಾದೆವು.

ಹೆದರಿಕೆಯ ಮಾತೂ ಇದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ, 1.87. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ಇಲ್ಲಿ ನಮ್ಮ ದೇವಾಲಯದ ಗೇಟಿಗೂ ಪೊಲೀಸರು ಬಂದು ಕೂತರು. ಆರಾಧನೆಗೆ ಹೋಗುವಾಗ ಹೆಂಗಸರು ಸತ್ಯವೇದವನ್ನು ಸೆರಗಿನೊಳಗೆ ಇಟ್ಟುಕೊಂಡರು. ಹೆದರಿದವರನ್ನು ನಾನು ಹಳಿಯುವುದಿಲ್ಲ, ಪೇತ್ರನೇ ಬೆಂಕಿ ಕಾಯಿಸಿಕೊಳ್ಳುತ್ತ ಮೂರು ಸಲ ಇಲ್ಲ ಅಂದವನು. ಆದರೆ ಅವನು ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅತ್ತ. ಇದು ನನ್ನ ಸೌಹಾರ್ದ ನೀತಿ ಅಂತ ಅಲ್ಲಿ ಕೂತವರಿಗೆ ಭಾಷಣ ಮಾಡಲಿಲ್ಲ. ಹೆದರಿಕೆಗೆ ಹೆದರಿಕೆ ಅನ್ನೋಣ, ಸಂಸ್ಕೃತಿ ಅನ್ನುವುದು ಬೇಡ. ಮತ್ತೆ ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಬಾಯಿ ಕಟ್ಟಿದ್ದು 2008 ಅಲ್ಲ. ಅದಕ್ಕೆ ಮೊದಲೂ ನಾನು ಮಾತಾಡಿರಲಿಲ್ಲ.

ಹಾಗಾದರೆ ಕಟ್ಟಿದ್ದು ಏನು? ಬ್ಯಾಂಕಿನವನಾದ್ದರಿಂದ ಬ್ಯಾಂಕಿನ ಮಾತಿನಲ್ಲೇ ಹೇಳುತ್ತೇನೆ: ಇನ್‌ಸ್ಪೆಕ್ಷನ್. ತಪಾಸಣೆಗೆ ಬರುವವರು ಮೊದಲು ಕೇಳುವುದು, ನೀವು ಏನೆಂದು ಬರೆದುಕೊಂಡಿದ್ದೀರಿ ತೋರಿಸಿ ಅಂತ. ಪುಸ್ತಕದಲ್ಲಿ ಬರೆದದ್ದಕ್ಕೂ ತಿಜೋರಿಯಲ್ಲಿ ಇರುವುದಕ್ಕೂ ತಾಳೆ ಹಾಕುತ್ತಾರೆ. ಬರೆದೇ ಇಲ್ಲದಿದ್ದರೆ ತಾಳೆಯ ಪ್ರಶ್ನೆಯೇ ಇಲ್ಲ. ಪಕ್ಕದವನಿಗೆ ನನ್ನ ನಂಬಿಕೆ ಹೇಳಿದ ಗಳಿಗೆಯಿಂದ ಅವನು ನನ್ನ ಇನ್‌ಸ್ಪೆಕ್ಟರ್. ನಿಮ್ಮ ಸಭೆಯಲ್ಲಿ ಜಾತಿ ನೋಡಿ ಹೆಣ್ಣು ಕೊಡುವುದಿಲ್ಲವೇ ಅಂತ ಕೇಳಬಹುದು. ಸಭೆಯ ಆಸ್ತಿಗಾಗಿ ನೀವು ಕೋರ್ಟಿನಲ್ಲಿ ಎಷ್ಟು ವರ್ಷದಿಂದ ಹೊಡೆದಾಡುತ್ತಿದ್ದೀರಿ ಅಂತ ಕೇಳಬಹುದು. ಇವಕ್ಕೆಲ್ಲ ಉತ್ತರ ನನ್ನ ಹತ್ತಿರ ಇರಲಿಲ್ಲ, ಅದಕ್ಕೇ ಕೇಕು. ಅಮೆರಿಕದಿಂದ ಬಂದಿದ್ದ ಸ್ಟಾನ್ಲಿ ಜೋನ್ಸ್ ಊರೂರಿನಲ್ಲಿ ದುಂಡುಮೇಜಿನ ಕೂಟಗಳನ್ನು ಕೂಡಿಸುತ್ತಿದ್ದರು. ಹಿಂದೂ, ಮುಸಲ್ಮಾನ, ನಾಸ್ತಿಕ, ಎಲ್ಲರೂ ಸುತ್ತ ಕೂಡುವುದು, ವಾದ ಹೂಡದೆ, ನನ್ನ ನಂಬಿಕೆ ನನ್ನ ಬದುಕಿನಲ್ಲಿ ಏನು ಮಾಡಿದೆ ಅನ್ನುವುದನ್ನು ಮಾತ್ರ ಒಬ್ಬೊಬ್ಬರಾಗಿ ಹೇಳುವುದು. ಮೇಜು ದುಂಡಗಿದ್ದರೆ ಹಿಂದಿನ ಬೆಂಚು ಅಂತ ಇರುವುದಿಲ್ಲ, ಅಡಗಿಕೊಳ್ಳಲು ಜಾಗವೂ ಇಲ್ಲ.

ನಿವೃತ್ತನಾದ ವರ್ಷ ಡಿಸೆಂಬರಿನಲ್ಲಿ ಕೇಕು ಕಟ್ಟಿಸಿಕೊಂಡು ಗೆಳೆಯನ ಮನೆಗೆ ಹೋದೆ. ಅಂಗಳದಲ್ಲಿ ಅವನು ಆಕಳಿಗೆ ಕಣಕಿ ಹಾಕುತ್ತಿದ್ದ. "ಈ ಸಲ ಯಾಕ ಅಂತ ಹೇಳಿ ಕೊಡ್ತೇನಿ" ಅಂದೆ. ಕಟ್ಟೆಯ ಮೇಲೆ ಕೂತೆವು. ಬಸುರಿ ಹೆಂಗಸು, ದೂರದ ಊರು, ಇಳಿದುಕೊಳ್ಳಲು ಎಲ್ಲೂ ಜಾಗವಿಲ್ಲ, ಹೆತ್ತ ಕೂಸನ್ನು ಗೋದಲಿಯಲ್ಲಿ ಮಲಗಿಸಿದಳು ಅಂತ ಶುರು ಮಾಡಿದೆ. ಅವನ ಕೈ ಅಲ್ಲೇ ನಿಂತಿತು.

"ಗ್ವಾದ್ಲ್ಯಾಗ? ದನದ ಗ್ವಾದ್ಲ್ಯಾಗೇನ್ರಿ?" ಅಂದು ತನ್ನ ಆಕಳ ಮುಂದಿನ ಗೋದಲಿಯತ್ತ ತಿರುಗಿ ನೋಡಿದ. ಆಕಳ ಜೊಲ್ಲು, ಅರ್ಧ ಅಗಿದ ಕಣಕಿ, ನೊಣ. ಅರವತ್ತು ವರ್ಷ ಕ್ರಿಸ್‌ಮಸ್ ಮಾಡಿದ ನಾನು ಗೋದಲಿಯನ್ನು ಅವತ್ತು ಮೊದಲ ಸಲ ನೋಡಿದೆ.

ಶಿಲುಬೆಯ ತನಕ ಹೇಳಿದೆ, ಮೊಳೆ ಹೊಡೆದವರನ್ನು ಕ್ಷಮಿಸೆಂದು ಬೇಡಿಕೊಂಡದ್ದನ್ನು ಹೇಳಿದೆ, ಮೂರನೆಯ ದಿನದ್ದೂ ಹೇಳಿದೆ. "ಎದ್ದು ಬಂದ ಅನ್ನೂದು ನಂಬೂದು ಕಷ್ಟ ಐತಿ ಸರ" ಅಂದ. ತಡೆದು, "ನಮಗ ನಮ್ಮ ಅಜ್ಜಾರು ಸಾಕ್ರಿ" ಅಂದ. ಆಯಿತು ಅಂದೆ. ಗೆಳೆತನ ಎಲ್ಲಿಗೂ ಹೋಗಲಿಲ್ಲ, ಅವನ ಹೆಂಡತಿ ಎರಡನೆಯ ಸಲ ಚಹಾ ತಂದರು. ಕಪ್ಪು ಕೆಳಗಿಟ್ಟು ಅವನು ಕೇಳಿದ:

"ಮೊಳೀ ಹೊಡದವ್ರನ್ನ ಮಾಫ್ ಮಾಡಿದ ಅಂದ್ರಿ. ಮನೀ ಪಾಲಿನ ಸಲುವಾಗಿ ಅಣ್ಣಾರ ಜೋಡಿ ಮಾತು ಬಿಟ್ರೆಲ್ಲ ನೀವು, ಎಷ್ಟು ವರ್ಷ ಆತು?"

ಹನ್ನೊಂದು. ಬಾಯಿಂದ ಬರಲಿಲ್ಲ. ಆಕಳು ಬಾಲದಿಂದ ನೊಣ ಹೊಡೆದುಕೊಳ್ಳುತ್ತಿತ್ತು, ಅದನ್ನೇ ನೋಡುತ್ತ ಕೂತೆ.

ಮುಂದಿನ ಶನಿವಾರ ಬೆಟಗೇರಿಗೆ ಬಸ್ಸು ಹತ್ತಿದೆ. ಅಣ್ಣ ಮನೆಯಲ್ಲಿರಲಿಲ್ಲ. ವೈನಿ ಬಾಗಿಲು ತೆಗೆದು, ಗುರುತು ಹತ್ತದವರ ಹಾಗೆ ಒಂದು ಗಳಿಗೆ ನೋಡಿ, ಒಳಗೆ ಹೋಗಿ ಚಹಾಕ್ಕೆ ಇಟ್ಟರು.